ಸಹಾಯ ಬೇಕು: ಬಲ್ಬಿನ ರೋಧ ಲೆಕ್ಕದಲ್ಲಿ ಒಂದು, ಮೀಟರಿನಲ್ಲಿ ಇನ್ನೊಂದು
ಎಲ್ಲರಿಗೂ ನಮಸ್ಕಾರ. 12 ವೋಲ್ಟ್, 21 ವ್ಯಾಟ್ ಎಂದು ಬರೆದಿರುವ ಟಂಗ್‌ಸ್ಟನ್ ತಂತುವಿನ ಬಲ್ಬೊಂದನ್ನು ಬ್ಯಾಟರಿಗೆ ಜೋಡಿಸಿ ಅಳೆದಾಗ 1.75 ಆಂಪಿಯರ್ ಪ್ರವಾಹ ಹರಿಯಿತು. ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಸರಿಯಾಗಿ 21 ವ್ಯಾಟ್, ಭಾಗಿಸಿದರೆ ಸುಮಾರು 6.86 ಓಮ್ ಬರುತ್ತದೆ. ಇಲ್ಲಿಯವರೆಗೆ ಗೊಂದಲವಿಲ್ಲ.

ಆದರೆ ಬಲ್ಬನ್ನು ಬಿಚ್ಚಿ, ತಣ್ಣಗಾದ ಮೇಲೆ ಮಲ್ಟಿಮೀಟರಿನಿಂದ ರೋಧವನ್ನು ಅಳೆದರೆ 0.8 ಓಮ್ ಮಾತ್ರ ತೋರಿಸುತ್ತದೆ. ಮೀಟರಿನ ತಂತಿಗಳದೇ ಆದ 0.2 ಓಮ್ ಕಳೆದರೆ ಉಳಿಯುವುದು 0.6 ಓಮ್. ಇದನ್ನೇ ನಂಬಿ ಲೆಕ್ಕ ಹಾಕಿದರೆ 20 ಆಂಪಿಯರ್ ಪ್ರವಾಹ, 240 ವ್ಯಾಟ್ ಸಾಮರ್ಥ್ಯ ಎಂದಾಗುತ್ತದೆ. 6 ವೋಲ್ಟ್ ಕೊಟ್ಟು ನೋಡಿದಾಗ ಪ್ರವಾಹ ಅರ್ಧಕ್ಕೆ, ಎಂದರೆ 0.875 ಆಂಪಿಯರಿಗೆ ಇಳಿಯುವ ಬದಲು 1.2 ಆಂಪಿಯರ್ ಇದ್ದುದರಿಂದ, ತಂತು ಬಿಸಿಯಾದಂತೆ ಅದರ ರೋಧ ಏರುತ್ತದೆ ಎಂದು ಭಾವಿಸಿದ್ದೇನೆ. ಈ ತರ್ಕ ಸರಿಯೇ?

ನನಗೆ ಮುಖ್ಯವಾಗಿ ಬೇಕಿರುವುದು ಫ್ಯೂಸಿನ ಆಯ್ಕೆ. ಸ್ವಿಚ್ ಹಾಕಿದ ಕ್ಷಣದಲ್ಲಿ ನಿಜವಾಗಿಯೂ 20 ಆಂಪಿಯರಿನಷ್ಟು ಪ್ರವಾಹ ಹರಿಯುತ್ತದೆಯೇ, ಅಥವಾ ಬ್ಯಾಟರಿ ಮತ್ತು ತಂತಿಗಳ ರೋಧ ಅದನ್ನು ಗಣನೀಯವಾಗಿ ತಗ್ಗಿಸುತ್ತದೆಯೇ? ಆ ಕ್ಷಣಿಕ ಏರಿಕೆಯನ್ನು 3 ಆಂಪಿಯರಿನ ಫ್ಯೂಸ್ ತಡೆದುಕೊಳ್ಳುವುದೇ, ಇಲ್ಲವೇ ನಿಧಾನವಾಗಿ ಕರಗುವ ಬಗೆಯದೇ ಬೇಕೇ? ಲೆಕ್ಕದ ಹಂತಗಳೊಂದಿಗೆ ತಿಳಿಸಿದರೆ ತುಂಬ ಉಪಕಾರವಾಗುತ್ತದೆ.