ಪಟ್ಟದ ಮಗ ಅಂಜುಬುರುಕನಾದ, ಏನು ಮಾಡಲಿ? (ಕ್ರುಸೇಡರ್ ಕಿಂಗ್ಸ್ 3)

ಗೋಕಾಕದ ಹುಡುಗ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಬಿಸಿಎ ಓದುತ್ತಿದ್ದೇನೆ. ಎರಡು ತಿಂಗಳಿಂದ ಇದೇ ಆಟ, ರಾಜನೊಬ್ಬನ ವಂಶವನ್ನು ತಲೆಮಾರಿನಿಂದ ತಲೆಮಾರಿಗೆ ನಡೆಸುವ ಕಂಪ್ಯೂಟರ್ ಆಟ. 1066ರಿಂದ ಶುರು ಮಾಡಿ, ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನನ್ನು ಆರಿಸಿಕೊಂಡೆ. ನಮ್ಮ ಸೀಮೆಯ ರಾಜನಲ್ವಾ, ಅದಕ್ಕೆ. ಅವನು ತೀರಿಹೋಗಿ ಈಗ ಮಗನ ಆಟ ನಡೆದಿದೆ. ಆ ಮಗನಿಗೆ ಹುಟ್ಟಿದ ಗಂಡು ಮಗುವಿಗೆ ಮುತ್ತಜ್ಜನ ಹೆಸರೇ ಇಟ್ಟೆ, ಜಯಸಿಂಹ ಅಂತ.

ಮೂರು ವರ್ಷಕ್ಕೆ ಅವನಿಗೆ ಸದಾ ಯೋಚನೆಯಲ್ಲಿ ಮುಳುಗಿರುವ ಮಗುವಿನ ಗುಣ ಬಂತು. ಆರಕ್ಕೆ ಯುದ್ಧದ ಶಿಕ್ಷಣ ಹಾಕಿದೆ. ನನ್ನ ಅತಿ ಗಟ್ಟಿ ದಂಡನಾಯಕನನ್ನೇ ಗುರುವಾಗಿ ನೇಮಿಸಿದೆ. ಎಂಟು ತುಂಬುವಷ್ಟರಲ್ಲಿ ಹುಡುಗ ಅಂಜುಬುರುಕನಾದ! ಯುದ್ಧದ ಅಂಕ ಕೆಳಗೆ, ಸಂಚಿನ ಅಂಕ ಮೇಲೆ.

ಹಳೆಯ ಸೇವ್‌ಗೆ ಹೋಗಿ ಬದಲಾಯಿಸಲು ಮನಸ್ಸಿಲ್ಲ. ಈ ಗುಣಗಳು ಸುಮ್ನೆ ಲಾಟರಿಯಂತೆ ಬರುತ್ತವಾ, ಇಲ್ಲ ನಾನು ಬೆಳೆಸಿದ ರೀತಿಯಲ್ಲೇ ತಪ್ಪಾಯಿತಾ? ವಂಶದ ಕೀರ್ತಿಯ ಅಂಕ ಖರ್ಚು ಮಾಡಿ ಇವನಿಗೆ ಪಟ್ಟ ತಪ್ಪಿಸಿ ತಮ್ಮನಿಗೆ ಕೊಡಲಾ?

ಬಾದಾಮಿ ಟೀಚರ್

ತಮ್ಮಾ, ಪಟ್ಟ ತಪ್ಪಿಸಬೇಡ. ಮೊದಲು ಆ ಹುಡುಗನನ್ನು ಸರಿಯಾಗಿ ನೋಡು.

ಮೂರನೇ ವಯಸ್ಸಿನ ಗುಣ ಒಂದು ಸುಳಿವು. ಪುಂಡ ಮಗುವಿಗೆ ಯುದ್ಧ ಇಲ್ಲವೇ ಸಂಚು ಒಗ್ಗುತ್ತದೆ. ಎಲ್ಲರ ಮೇಲೆ ಅಧಿಕಾರ ನಡೆಸುವ ಮಗುವಿಗೆ ಯುದ್ಧ ಇಲ್ಲವೇ ಆಡಳಿತ. ಯೋಚನೆಯ ಮಗುವಿಗೆ ಹೊಂದುವುದು ಆಡಳಿತ ಮತ್ತು ವಿದ್ಯೆ. ನೀನು ಅದನ್ನು ಬಿಟ್ಟು ಕತ್ತಿ ಕೊಟ್ಟೆ. ಅಂಜಿಕೆ ಬಂದದ್ದು ಅದರಿಂದಲೇ ಅಂತ ನಾನು ಹೇಳುವುದಿಲ್ಲ, ಅದೃಷ್ಟದ ಪಾಲೂ ಇದೆ. ಆದರೆ ಕಲಿಕೆ ಎಷ್ಟು ಮೇಲೇರುತ್ತದೆ ಅನ್ನುವುದಕ್ಕೆ ಈ ಹೊಂದಾಣಿಕೆ ಬೇಕೇ ಬೇಕು. ಗುರುವಿನ ಆಯ್ಕೆಯೂ ಅಷ್ಟೇ. ದಂಡನಾಯಕನ ಯುದ್ಧದ ಅಂಕ ನೋಡಿದೆ, ಸರಿ. ಅವನ ವಿದ್ಯೆಯ ಅಂಕ ನೋಡಿದೆಯಾ? ಅವನ ಸ್ವಭಾವ ಓದಿದೆಯಾ? ಗುರುವಿನ ಗುಣ ಶಿಷ್ಯನಿಗೂ ಹತ್ತುತ್ತದೆ. ಹತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೇನೆ. ಎಂಟನೇ ತರಗತಿಯಲ್ಲಿ ಕೊನೆಯ ಬೆಂಚಿಗೆ ಕೂತು, ಹೆಸರು ಕೂಗಿದರೆ ಅಂಗಿಯ ಗುಂಡಿ ತಿರುವುತ್ತಾ ನಿಲ್ಲುವ ಮಕ್ಕಳನ್ನು ದಿನಾ ನೋಡುತ್ತೇನೆ. ಅವರಿಗೆ ಜೋರು ಮಾಡುವ ಮೇಷ್ಟ್ರನ್ನು ಕೊಟ್ಟರೆ ಗುಂಡಿ ಕಿತ್ತು ಬರುತ್ತದೆ, ಅಷ್ಟೇ.

ಈ ಆಟದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಒತ್ತಡದ ಲೆಕ್ಕ. ಸ್ವಭಾವಕ್ಕೆ ವಿರುದ್ಧ ನಡೆದರೆ ಒತ್ತಡ ಏರುತ್ತದೆ. ನೂರು ದಾಟಿದಾಗ ಒಮ್ಮೆ, ಇನ್ನೂರಕ್ಕೆ ಒಮ್ಮೆ, ಮುನ್ನೂರಕ್ಕೆ ಒಮ್ಮೆ ಮನಸ್ಸು ಕುಸಿಯುತ್ತದೆ. ನನ್ನದೊಬ್ಬಳು ರಾಣಿ ಇದ್ದಳು, ಕರುಣಾಳು. ದಂಗೆಕೋರರು ಸೆರೆ ಸಿಕ್ಕರು. ರಾಜ್ಯಕ್ಕೆ ಒಳ್ಳೆಯದು ಅಂತ ಒಬ್ಬೊಬ್ಬರನ್ನೇ ಕೊಲ್ಲಿಸಿದೆ. ನಾಲ್ಕನೆಯವನ ಹೊತ್ತಿಗೆ ಅವಳು ಕುಡಿತಕ್ಕೆ ಬಿದ್ದಳು. ಕುಡುಕಿ ಅನ್ನುವ ಗುರುತು ಅವಳ ಮುಖದ ಪಕ್ಕದಲ್ಲಿ ಸಾಯುವವರೆಗೂ ಇತ್ತು. ಆವತ್ತು ರಾತ್ರಿ ನನಗೆ ನಿಜವಾಗಿ ಬೇಜಾರಾಯಿತು. ಕರುಣೆ ಅವಳಲ್ಲಿ ಇತ್ತು ಅಂತ ನನಗೆ ಗೊತ್ತಾದದ್ದೇ ಆವತ್ತು. ಅದಕ್ಕೂ ಮುಂಚೆ ಅದು ಬರೀ ಒಂದು ಪುಟ್ಟ ಚಿತ್ರವಾಗಿತ್ತು.

ಇನ್ನೊಂದು ಮಾತು, ನಿಮ್ಮ ಗೋಕಾಕದ್ದೇ. ನಿನ್ನ ಸೋಮೇಶ್ವರನಿಗೆ ಅಕ್ಕಾದೇವಿ ಅಂತ ಸೋದರತ್ತೆ ಇದ್ದಳು. ನಮ್ಮ ಕಡೆಯ ಕಿಸುಕಾಡು ಎಪ್ಪತ್ತು ಅನ್ನುವ ನಾಡನ್ನು ಆಳಿದವಳು. 1047ರಲ್ಲಿ ಗೋಕಾಗೆಯ ಕೋಟೆಗೆ, ಅಂದರೆ ಈಗಿನ ಗೋಕಾಕಕ್ಕೆ, ಮುತ್ತಿಗೆ ಹಾಕಿದ್ದಳು. ಶಾಸನಗಳು ಅವಳನ್ನು ಯುದ್ಧದಲ್ಲಿ ಭೈರವಿ ಅನ್ನುತ್ತವೆ. ಅವೇ ಶಾಸನಗಳು ‘ಗುಣದ ಬೆಡಂಗಿ’, ಅಂದರೆ ಗುಣದ ಚೆಲುವೆ, ಅಂತಲೂ ಕರೆಯುತ್ತವೆ. ಎಷ್ಟು ಚಂದದ ಬಿರುದು ನೋಡು! ಕೋಟೆಗೆ ಮುತ್ತಿಗೆ ಹಾಕಿದವಳೂ ಅವಳೇ, ದಾನ ಕೊಟ್ಟವಳೂ ಅವಳೇ. ನಿನ್ನ ಜಯಸಿಂಹನಿಗೂ ಇನ್ನೂ ಎರಡು ಗುಣ ಬರಬೇಕಿದೆ. ಹದಿನಾರಕ್ಕೆ ಸಾಮಾನ್ಯವಾಗಿ ಮೂರು ಇರುತ್ತವೆ. ಕಾಯಿ.

ವಿಜಯಪುರದಿಂದ

ಟೀಚರ್ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ನಾನು ಮಿಡೀವಲ್ 2 ಟೋಟಲ್ ವಾರ್ ಅನ್ನುವ ಹಳೆಯ ಯುದ್ಧದ ಆಟ ಆಡುವವನು, 2006ರದ್ದು. ಅಲ್ಲಿ ಬಾಲ್ಯಕ್ಕಿಂತ ಮಾಡಿದ ಕೆಲಸಕ್ಕೇ ತೂಕ ಜಾಸ್ತಿ. ಯುದ್ಧ ಗೆಲ್ಲುತ್ತಾ ಹೋದವನು ಒಳ್ಳೆಯ ದಳಪತಿಯಾಗುತ್ತಾನೆ. ಖಜಾನೆಯಲ್ಲಿ ಹಣ ಕೊಳೆಯಲು ಬಿಟ್ಟರೆ ಊರು ನೋಡಿಕೊಳ್ಳುವವನು ಲಂಚಕೋರನಾಗುತ್ತಾನೆ. ಎರಡರಲ್ಲಿ ನನಗೆ ಈ ದಾರಿಯೇ ಹಿಡಿಸುತ್ತದೆ, ಯಾಕಂದರೆ ತಪ್ಪು ಯಾರದು ಅಂತ ಕಣ್ಣಿಗೆ ಕಾಣುತ್ತದೆ.

ಆದರೂ ಗುರುವಿನ ಮಾತು ಬಂದಾಗ ನಮ್ಮ ಊರಿನ ಎರಡನೇ ಇಬ್ರಾಹಿಂ ಆದಿಲ್ ಷಾ ನೆನಪಾಗುತ್ತಾನೆ. 1580ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಸಣ್ಣ ಹುಡುಗ. ತೀರಿಹೋದ ಸುಲ್ತಾನನ ಹೆಂಡತಿ ಚಾಂದ್ ಬೀಬಿ ಅವನ ಪರವಾಗಿ ಆಡಳಿತ ನೋಡಿಕೊಂಡಳು. ಸುತ್ತಲೂ ಸರದಾರರ ಜಗಳ. ಅಂಥ ಅರಮನೆಯಲ್ಲಿ ಬೆಳೆದ ಹುಡುಗ ಮುಂದೆ ಸಂಗೀತಕ್ಕೆ ಮನಸೋತು, ದಖನಿ ಭಾಷೆಯಲ್ಲಿ ಹಾಡು ಕಟ್ಟಿದ. ಜನ ಜಗದ್ಗುರು ಅಂದರು. ಕ್ರುಸೇಡರ್ ಕಿಂಗ್ಸ್ 1453ಕ್ಕೇ ಮುಗಿಯುತ್ತದೆ, ಇಲ್ಲದಿದ್ದರೆ ಅವನ ಬಾಲ್ಯ ಒಮ್ಮೆ ಆಡಿ ನೋಡಬೇಕು ಅಂತ ನನಗೆ ತುಂಬಾ ಆಸೆ.

ಗೋಕಾಕದ ಹುಡುಗ

ಅಕ್ಕೋರೆ, ನಿಮ್ಮ ಮಾತು ಓದಿದ ಮೇಲೆ ದಂಡನಾಯಕನ ಸ್ವಭಾವ ತೆಗೆದು ನೋಡಿದೆ. ಕ್ರೂರಿ, ಮುಂಗೋಪಿ, ವಿದ್ಯೆಯ ಅಂಕ ನಾಲ್ಕು. ಅದನ್ನು ಒಮ್ಮೆಯೂ ಓದಿರಲಿಲ್ಲ. ಅವನನ್ನು ಬಿಡಿಸಿ, ಕರುಣಾಳು ಅಂತ ಗುಣವಿದ್ದ ಒಬ್ಬ ಮುದುಕ ಮಂತ್ರಿಗೆ ಹುಡುಗನನ್ನು ಒಪ್ಪಿಸಿದೆ. ಅಕ್ಕಾದೇವಿ ನಮ್ಮ ಊರಿಗೆ ಮುತ್ತಿಗೆ ಹಾಕಿದ್ದು ಗೊತ್ತೇ ಇರಲಿಲ್ಲ. ಅಜ್ಜನಿಗೆ ಫೋನ್ ಮಾಡಿ ಹೇಳಿದೆ, ಅವರಿಗೂ ಗೊತ್ತಿರಲಿಲ್ಲ.

ನಿನ್ನೆ ರಾತ್ರಿ ಜಯಸಿಂಹನಿಗೆ ಹದಿನಾರು ತುಂಬಿತು. ಅಂಜುಬುರುಕ, ಕರುಣಾಳು, ಶ್ರಮಜೀವಿ. ಯುದ್ಧದ ಶಿಕ್ಷಣ ಎರಡನೇ ಮಟ್ಟಕ್ಕೇ ನಿಂತಿತು, ಇರಲಿ. ಎರಡೇ ವರ್ಷಕ್ಕೆ ಅಪ್ಪ ತೀರಿಕೊಂಡ, ಇವನಿಗೆ ಪಟ್ಟ ಕಟ್ಟಿದೆ. ಅಪ್ಪನ ಕಾಲದಲ್ಲಿ ದಂಗೆ ಎದ್ದಿದ್ದ ಚಿಕ್ಕಪ್ಪ ಸೆರೆಮನೆಯಲ್ಲೇ ಇದ್ದ. ಕೊಲ್ಲುವ ಆಯ್ಕೆಯ ಮೇಲೆ ಮೌಸ್ ಇಟ್ಟೆ. ಒತ್ತಡ ಏರುತ್ತದೆ ಅಂತ ತೋರಿಸಿತು. ನಿಮ್ಮ ರಾಣಿ ನೆನಪಾದಳು. ಒತ್ತೆಹಣ ತೆಗೆದುಕೊಂಡು ಬಿಟ್ಟುಬಿಟ್ಟೆ. ಅವನು ಮತ್ತೆ ದಂಗೆ ಎದ್ದರೆ ಏನು ಮಾಡಬೇಕು ಅಂತ ಮುಂದಿನ ವಾರ ಕೇಳುತ್ತೇನೆ, ಪರೀಕ್ಷೆ ಮುಗಿಯಲಿ.