ಸಹಾಯ ಬೇಕು: ಅಣ್ಣನ ಸಹಿ ನಡೆಯುವುದಿಲ್ಲವೇ?

ಬಳಗದ ವಕೀಲರಿಗೂ ತಿಳಿದವರಿಗೂ ಶರಣು. ನಾವು ಆಳಂದ ತಾಲ್ಲೂಕಿನವರು. ನನ್ನ ಅಣ್ಣ ಹದಿನಾಲ್ಕು ವರ್ಷಗಳಿಂದ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ. ತಂದೆಯವರು ಬಿಟ್ಟುಹೋದ ಆರು ಎಕರೆ ತೊಗರಿ ಹೊಲದ ವಾಟ್ನಿಪತ್ರ (ಪಾಲುಪತ್ರ) ಮಾಡಿಸಲು ಹೋದಾಗ, "ಇವರ ಸಹಿ ನಡೆಯೋದಿಲ್ರೀ, ನೀವೇ ಗಾರ್ಡಿಯನ್ ಅಂತ ಬರೀರಿ" ಎಂದು ಪತ್ರ ಬರೆಯುವವರು ಹೇಳಿಬಿಟ್ಟರು. ಅವರದೇ ಕರಡಿನಲ್ಲಿ ಹಿಸ್ಸಾ ನಂಬರು ತಪ್ಪಾಗಿದ್ದುದನ್ನು ಪಹಣಿಯೊಡನೆ ತಾಳೆ ನೋಡಿ ಬೆರಳಿಟ್ಟು ತೋರಿಸಿದವನು ಅಣ್ಣನೇ. ನಾನು ಗಮನಿಸಿಯೇ ಇರಲಿಲ್ಲ.

ನಾನು ಓದಿಕೊಂಡಂತೆ, 1872ರ ಭಾರತೀಯ ಕರಾರು ಕಾಯ್ದೆಯ 12ನೇ ಕಲಮಿನ ಪ್ರಕಾರ, ಕರಾರು ಮಾಡುವ ಹೊತ್ತಿನಲ್ಲಿ ಅದನ್ನು ಅರ್ಥಮಾಡಿಕೊಂಡು, ತನ್ನ ಹಿತದ ಮೇಲೆ ಅದರ ಪರಿಣಾಮವೇನೆಂದು ವಿವೇಚಿಸಬಲ್ಲವನು ಸ್ವಸ್ಥಚಿತ್ತನೇ. ಆಗಾಗ ಮಾತ್ರ ಸ್ವಸ್ಥನಾಗುವವನೂ ಆ ಅವಧಿಯಲ್ಲಿ ಕರಾರು ಮಾಡಬಹುದು. ಕಾಯಿಲೆಯಿದೆ ಎಂದ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯ ಘೋಷಿಸದ ಹೊರತು, ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಭಾವಿಸಲಾಗದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಆ ಕಾಯ್ದೆಯಡಿ ನೇಮಕವಾಗುವ ಪ್ರತಿನಿಧಿಗೂ ಚಿಕಿತ್ಸೆಯ ವಿಷಯದಲ್ಲಷ್ಟೇ ಪಾತ್ರ, ಹೊಲ-ಮನೆಯಲ್ಲಲ್ಲ. ಹೀಗಿರುವಾಗ ನಾನೇ ಗಾರ್ಡಿಯನ್ ಎಂದು ಬರೆದುಕೊಳ್ಳುವುದು ನನಗಂತೂ ತಪ್ಪೆಂದೇ ತೋರುತ್ತದೆ.

ನೋಂದಣಿಯ ಸಮಯಕ್ಕೆ ಮನೋವೈದ್ಯರಿಂದ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಸಾಕೇ? ಅದರಲ್ಲಿ ಕಾಯಿಲೆಯ ಹೆಸರಿಗಿಂತ, ಈ ಪತ್ರ ಅವನಿಗೆ ಅರ್ಥವಾಗಿದೆ ಎಂಬ ಮಾತೇ ಇರಬೇಕಲ್ಲವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನ ಸೀಮಿತ ಪಾಲಕತ್ವವನ್ನು (ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗಷ್ಟೇ, ಅವನೊಡನೆ ಸೇರಿ ತೀರ್ಮಾನಿಸುವ ಪಾಲಕತ್ವ) ಕಲಬುರಗಿ ಕಡೆ ಯಾರಾದರೂ ಪಡೆದಿದ್ದರೆ ದಯವಿಟ್ಟು ಅನುಭವ ತಿಳಿಸಿ. "ಗುಳಿಗಿ ತಗೋತೀನಿ, ಹೊಲ ಮರ್ತಿಲ್ಲ" ಎನ್ನುತ್ತಾನೆ ಅಣ್ಣ.