ಅಮೆರಿಕದ ಕಾರು ಕೆನಡಾಕ್ಕೆ: ಕಸ್ಟಮ್ಸ್ ಬ್ರೋಕರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದಿಂದ ಕೆನಡಾಕ್ಕೆ ಮನೆ ಬದಲಾಯಿಸುವವರು ದಿನಾ ಕಾರಿನ ಬಗ್ಗೆ ಕೇಳುತ್ತಿದ್ದೀರಿ. ವಿಂಡ್ಸರ್‌ನಲ್ಲಿ ಕಸ್ಟಮ್ಸ್ ಬ್ರೋಕರ್ (ಗಡಿಯ ಕಾಗದಪತ್ರ ಮಾಡಿಕೊಡುವವರು) ಆಗಿರುವ ನಮ್ಮ ಸದಸ್ಯರು ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಪ್ರಶ್ನೆ ಇಲ್ಲೇ ಹಾಕಿ. ದಯವಿಟ್ಟು ಅವರಿಗೆ ಫೋನ್ ಮಾಡಬೇಡಿ.

ಬ್ರೋಕರ್: ಎಲ್ಲರಿಗೂ ನಮಸ್ಕಾರ. ಇದರಲ್ಲಿ ಎರಡು ಕೆಲಸ ಇವೆ. ಕಾರು ಮೊದಲು ಅಮೆರಿಕದಿಂದ ಲೆಕ್ಕಪ್ರಕಾರ ಹೊರಗೆ ಹೋಗಬೇಕು. ಆಮೇಲೆ ಕೆನಡಾದ ಒಳಗೆ ಬರಬೇಕು. ಎಲ್ಲರೂ ಎರಡನೆಯದನ್ನು ಓದಿಕೊಂಡು ಬರುತ್ತಾರೆ, ಮೊದಲನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೇಳಿ.

ಡಲ್ಲಾಸ್ ಹುಡುಗ: ಸರ್, 2019ರ ಕ್ಯಾಮ್ರಿ. ಮುಂದಿನ ತಿಂಗಳು ಪಿಆರ್ (ಕೆನಡಾದ ಕಾಯಂ ನಿವಾಸಿ) ಆಗಿ ಮಿಸ್ಸಿಸಾಗಾಕ್ಕೆ ಬರುತ್ತಿದ್ದೇನೆ. ಕಾರಿನ ಸಾಲ ಇನ್ನೂ ಇದೆ. ಏನೇನು ಬೇಕಾಗುತ್ತೆ?

ಬ್ರೋಕರ್: ಸಾಲ ಇದ್ದರೆ ಟೈಟಲ್‌ನ (ಗಾಡಿಯ ಮಾಲೀಕತ್ವದ ಪತ್ರ) ಮೂಲ ಪ್ರತಿ ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ನಿಮ್ಮ ಮೊದಲ ಕೆಲಸ ಅದೇ. ಸಾಲ ತೀರಿಸಿ ಟೈಟಲ್ ತರಿಸಿಕೊಳ್ಳಿ. ಎಲೆಕ್ಟ್ರಾನಿಕ್ ಟೈಟಲ್ ಆಗಿದ್ದರೆ ಕಾಗದದ್ದು ಬರಲು ವಾರಗಟ್ಟಲೆ ಹಿಡಿಯಬಹುದು, ಇವತ್ತೇ ಶುರು ಮಾಡಿ. ಇಲ್ಲದಿದ್ದರೆ ಸಾಲ ಕೊಟ್ಟವರಿಂದ ಪತ್ರ ಬೇಕು. ಅವರ ಲೆಟರ್‌ಹೆಡ್, ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ), ಗಾಡಿಯನ್ನು ದೇಶದಿಂದ ಹೊರಗೆ ಒಯ್ಯಲು ಒಪ್ಪಿಗೆ ಅನ್ನುವ ಮಾತು, ಅಸಲಿ ಸಹಿ, ಇಷ್ಟೂ ಇರಬೇಕು.

ಆಮೇಲೆ ಎಇಎಸ್ ಅನ್ನುವ ಅಮೆರಿಕ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ರಫ್ತು ಫೈಲ್ ಮಾಡಿ ಐಟಿಎನ್ ನಂಬರ್ (ಆ ರಫ್ತಿನ ಗುರುತು ಸಂಖ್ಯೆ) ಪಡೆಯಬೇಕು. ಅದಕ್ಕೆ ಸೋಶಿಯಲ್ ಸೆಕ್ಯುರಿಟಿ ನಂಬರ್ ನಡೆಯುವುದಿಲ್ಲ, ಇಐಎನ್ (ಉದ್ಯೋಗದಾತರ ತೆರಿಗೆ ಸಂಖ್ಯೆ) ಬೇಕು. ಐಆರ್‌ಎಸ್‌ನವರು (ಅಮೆರಿಕದ ತೆರಿಗೆ ಇಲಾಖೆ) ಪುಕ್ಕಟೆ ಕೊಡುತ್ತಾರೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಟೈಟಲ್ ಮತ್ತು ಐಟಿಎನ್ ಎರಡನ್ನೂ ನೀವು ದಾಟುವ ಸೇತುವೆಯಲ್ಲಿರುವ ಅಮೆರಿಕ ಕಸ್ಟಮ್ಸ್‌ಗೆ 72 ಗಂಟೆ ಮುಂಚೆ ತಲುಪಿಸಬೇಕು. ದಾಟುವ ದಿನ ಕಾರು ಸಮೇತ ಅವರ ಆಫೀಸಿಗೆ ಹೋಗಿ ಮುದ್ರೆ ಹಾಕಿಸಿಕೊಳ್ಳಬೇಕು.

ಕೆನಡಾ ಕಡೆ ಸುಲಭ. ನಿಮ್ಮ ಸಾಮಾನಿನ ಪಟ್ಟಿ ಬಿಎಸ್‌ಎಫ್186ರಲ್ಲಿ (ಹಳಬರು ಇನ್ನೂ ಬಿ4 ಅಂತಲೇ ಹೇಳುವುದು) ಕಾರನ್ನು ಬರೆಯಿರಿ. ಇಲ್ಲಿಗೆ ಬರುವ ಮುಂಚೆ ನಿಮ್ಮದೇ ಆಗಿದ್ದು, ನೀವೇ ಓಡಿಸಿದ್ದಾದರೆ ಸುಂಕ ಇಲ್ಲ. 12 ತಿಂಗಳೊಳಗೆ ಮಾರಿದರೆ ಮಾತ್ರ ಕಟ್ಟಬೇಕು. ಗಡಿಯಲ್ಲಿ ಗಾಡಿ ಆಮದಿನ ಫಾರಂ 1 ಕೊಡುತ್ತಾರೆ. ಆರ್‌ಐವಿಗೆ (ಹೊರಗಿಂದ ತಂದ ಗಾಡಿಗಳನ್ನು ನೋಂದಾಯಿಸುವ ಕೆನಡಾದ ಸಂಸ್ಥೆ) ಶುಲ್ಕ ಕಟ್ಟಿ, ರೀಕಾಲ್ (ಕಂಪನಿ ವಾಪಸ್ ಕರೆದು ಮಾಡುವ ರಿಪೇರಿ) ಬಾಕಿ ಇಲ್ಲ ಅನ್ನುವ ಕಾಗದ ಕಳಿಸಿ, 45 ದಿನದೊಳಗೆ ತಪಾಸಣೆ ಮುಗಿಸಿ.

ಡಲ್ಲಾಸ್ ಹುಡುಗ: ತುಂಬಾ ಥ್ಯಾಂಕ್ಸ್ ಸರ್. ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರಲಿಲ್ಲ.

ನ್ಯೂಜೆರ್ಸಿ ಕುಟುಂಬ: ನಮ್ಮದು ಲೀಸ್ ಕಾರು. ತರಬಹುದಾ?

ಬ್ರೋಕರ್: ಲೀಸ್ ಗಾಡಿ ನಿಮ್ಮದಲ್ಲ. ಆ ಸುಂಕ ವಿನಾಯಿತಿಗೆ ಬರುವುದಿಲ್ಲ. ಕೊಂಡುಕೊಳ್ಳಿ, ಇಲ್ಲವೇ ವಾಪಸ್ ಕೊಡಿ.

ಟೆಸ್ಲಾ ಓನರ್: ಮಾಡೆಲ್ 3 ಬರುತ್ತಾ ಸಾರ್?

ಬ್ರೋಕರ್: ಟ್ರಾನ್ಸ್‌ಪೋರ್ಟ್ ಕೆನಡಾದ (ಅಲ್ಲಿನ ಸಾರಿಗೆ ಇಲಾಖೆ) ಪಟ್ಟಿಯಲ್ಲಿ ನಿಮ್ಮ ಗಾಡಿಯ ವರ್ಷ ನೋಡಿ. ಒಂದೇ ಮಾದರಿಯಲ್ಲಿ ಒಂದು ವರ್ಷದ್ದು ಬರುತ್ತದೆ, ಇನ್ನೊಂದು ವರ್ಷದ್ದು ಬರುವುದಿಲ್ಲ. ಕೊಳ್ಳುವ ಮುಂಚೆ ನೋಡುವ ಪಟ್ಟಿ ಅದು.

ಬ್ರಾಂಪ್ಟನ್ ಮಾವ: ನನ್ನ ಕೇಳಿದ್ರೆ ಯಾರೂ ಕಾರು ತರಬೇಡಿ. ಅಲ್ಲೇ ಮಾರಿ, ಇಲ್ಲಿ ತಗೊಳ್ಳಿ. ಅಷ್ಟು ತಲೆನೋವು ಯಾಕೆ?

ಡಲ್ಲಾಸ್ ಹುಡುಗ: ಅಂಕಲ್, ಇಲ್ಲಿ ಸೆಕೆಂಡ್ ಹ್ಯಾಂಡ್‌ಗೆ ಏನು ಸಿಗುತ್ತೆ, ಅಲ್ಲಿ ಅದೇ ಕಾರಿಗೆ ಏನು ಕೇಳ್ತಾರೆ, ನೋಡಿದ್ದೀರಾ?

ಬ್ರಾಂಪ್ಟನ್ ಮಾವ: ನೀನು ಬ್ರಾಂಪ್ಟನ್ ಇನ್ಶೂರೆನ್ಸ್ ನೋಡಿದ್ದೀಯಾ? ಕಾರು ಯಾವುದಾದರೂ ಅದು ಕಟ್ಟಲೇಬೇಕು.

ಕ್ಯಾಲ್ಗರಿ ಅಕ್ಕ: ಹಾಗಾದ್ರೆ ಅದು ತರಬಾರದು ಅನ್ನೋಕೆ ಕಾರಣ ಹೇಗಾಯ್ತು ಮಾವ? ಮತ್ತೆ ಎಲ್ಲರೂ ಬ್ರಾಂಪ್ಟನ್‌ಗೇ ಬರ್ತಾರಾ?

ಬ್ರಾಂಪ್ಟನ್ ಮಾವ: ಸರಿ ತಾಯಿ, ತನ್ನಿ ಎಲ್ಲರೂ. ಎಂಜಿನ್ ಚಳಿಯಲ್ಲಿ ಸ್ಟಾರ್ಟ್ ಆಗದಿದ್ದಾಗ ನನಗೆ ಫೋನ್ ಮಾಡಬೇಡಿ.

ಬ್ರೋಕರ್: ತರುವವರು ಹಳೆಯ ಇನ್ಶೂರೆನ್ಸ್ ಕಂಪನಿಯಿಂದ ಎಷ್ಟು ವರ್ಷ ಪಾಲಿಸಿ ಇತ್ತು, ಕ್ಲೇಮ್ ಏನಾದರೂ ಆಗಿತ್ತಾ ಅಂತ ಪತ್ರ ತನ್ನಿ. ತರದವರೂ ತನ್ನಿ. ಇಲ್ಲಿನ ಕಂಪನಿ ಒಪ್ಪಿದರೆ ಕಂತು ಕಡಿಮೆಯಾಗುತ್ತದೆ.

ಮಂಡ್ಯದ ಮಗಳು: ಅಣ್ಣಾ, ನನ್ನದು ಬೇರೆ ಥರ. ಮಿಷಿಗನ್‌ನಲ್ಲಿದ್ದೆವು. ಪಿಆರ್ ಲ್ಯಾಂಡಿಂಗ್ (ಪಿಆರ್ ಆಗಿ ಮೊದಲ ಸಲ ಗಡಿ ದಾಟುವುದು) ಮಾಡಿ ನಾಲ್ಕು ತಿಂಗಳಾಯಿತು. ನಮ್ಮದೇ ಕಾರಿನಲ್ಲಿ ದಾಟಿದೆವು. ಅಧಿಕಾರಿ ಕಾರಿನ ಬಗ್ಗೆ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇನ್ನೂ ಮಿಷಿಗನ್ ಪ್ಲೇಟ್ ಇದೆ, ಅಲ್ಲಿನ ಇನ್ಶೂರೆನ್ಸೇ ನಡೀತಿದೆ. ಮುಂದಿನ ವಾರ ಡೆಟ್ರಾಯಿಟ್‌ಗೆ ಹೋಗಿ ವಾಪಸ್ ಬರುವಾಗ ಡಿಕ್ಲೇರ್ ಮಾಡಿದ್ರೆ ಸರಿಯಾಗುತ್ತೆ ಅಂತ ಫ್ರೆಂಡ್ಸ್ ಹೇಳ್ತಿದ್ದಾರೆ. ಮಾಡಬಹುದಾ?

ಬ್ರೋಕರ್: ಮೇಡಂ, ಮೊದಲು ಆ ಕಾರು ಓಡಿಸುವುದನ್ನು ನಿಲ್ಲಿಸಿ. ಇವತ್ತಿನಿಂದಲೇ. ಯಾಕೆ ಅಂತ ಹೇಳುತ್ತೇನೆ.

ನೀವು ಈಗ ಇಲ್ಲಿನ ನಿವಾಸಿ. ನಿವಾಸಿಯೊಬ್ಬರು ವಿದೇಶದ ಗಾಡಿ ತಂದು, ಅದನ್ನು ಹೇಳದೆ ಇಟ್ಟುಕೊಂಡರೆ ಅದು ಕಸ್ಟಮ್ಸ್ ಕಣ್ಣಿಗೆ ಘೋಷಿಸದ ಸಾಮಾನು. ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಅವರಿಗಿದೆ. ಬಿಡಿಸಿಕೊಳ್ಳಲು ದುಡ್ಡು ಕಟ್ಟಬೇಕು, ನಿಮ್ಮ ಹೆಸರಿನ ಮುಂದೆ ದಾಖಲೆಯೂ ಉಳಿಯುತ್ತದೆ. ಆಮೇಲೆ ಪ್ರತಿ ಸಲ ದಾಟುವಾಗಲೂ ಪಕ್ಕಕ್ಕೆ ನಿಲ್ಲಿಸಿ ನೋಡಬಹುದು. ಅಧಿಕಾರಿ ಕೇಳಲಿಲ್ಲ ಅನ್ನುವುದು ಉತ್ತರವಲ್ಲ. ಹೇಳುವ ಹೊಣೆ ನಿಮ್ಮದು.

ಎರಡನೆಯದು ಇನ್ಶೂರೆನ್ಸ್. ಕಾರು ಮಿಷಿಗನ್‌ನಲ್ಲಿ ಇರುತ್ತದೆ ಅಂತ ನಂಬಿ ಆ ಪಾಲಿಸಿ ಕೊಟ್ಟಿದ್ದಾರೆ. ನಾಳೆ ಏನಾದರೂ ಆಗಿ, ನೀವು ನಾಲ್ಕು ತಿಂಗಳಿಂದ ಒಂಟಾರಿಯೋದಲ್ಲಿದ್ದೀರಿ ಅಂತ ಗೊತ್ತಾದರೆ ಕ್ಲೇಮ್ ತಿರಸ್ಕರಿಸಬಹುದು. ಯಾರಿಗಾದರೂ ಪೆಟ್ಟಾದರೆ? ನನಗೆ ಕಸ್ಟಮ್ಸ್‌ಗಿಂತ ಇದರದ್ದೇ ಜಾಸ್ತಿ ಭಯ.

ಡೆಟ್ರಾಯಿಟ್ ಉಪಾಯಕ್ಕೆ ಬರೋಣ. ಹೊಸದಾಗಿ ತರುತ್ತಿದ್ದೇನೆ ಅಂತ ಹೇಳಿದರೆ ಅದು ಸುಳ್ಳು. ಆ ಪ್ಲೇಟು ಎಷ್ಟು ಸಲ ಗಡಿ ದಾಟಿದೆ ಅನ್ನುವುದು ಅವರ ಪರದೆಯ ಮೇಲೆ ಕಾಣುತ್ತದೆ. ಮೊದಲನೆಯದು ಮರೆವು ಅಂತಾದರೂ ಹೇಳಬಹುದಿತ್ತು. ಇದು ಬೇಕಂತಲೇ ಮಾಡಿದ್ದಾಗುತ್ತದೆ. ಜೊತೆಗೆ ಕಾರು ಅಮೆರಿಕದಿಂದ ರಫ್ತೇ ಆಗಿಲ್ಲ. ಹಾಗಾಗಿ ಕಾರು ಒಮ್ಮೆ ಆ ಕಡೆ ಹೋಗಿ 72 ಗಂಟೆಯ ಕೆಲಸ ಮುಗಿಸಬೇಕಾಗಬಹುದು. ಆದರೆ ಅದು ಇಲ್ಲಿನವರಿಗೆ ಹೇಳಿದ ಮೇಲೆ, ಮುಂಚೆ ಅಲ್ಲ.

ಏನು ಮಾಡಬೇಕು ಅಂದರೆ, ಕಸ್ಟಮ್ಸ್ ವಿಷಯ ಗೊತ್ತಿರುವ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಆಮೇಲೆ ನೀವಾಗಿಯೇ ಸಿಬಿಎಸ್‌ಎ (ಕೆನಡಾ ಕಸ್ಟಮ್ಸ್) ಆಫೀಸಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಾವಾಗಿ ಬಂದವರನ್ನೂ ರಸ್ತೆಯಲ್ಲಿ ಸಿಕ್ಕಿಬಿದ್ದವರನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಲ್ಯಾಂಡಿಂಗ್ ದಿನ ಪಟ್ಟಿ ಕೊಟ್ಟಿದ್ದಿರಾ? ಅದರಲ್ಲಿ ಕಾರು ಇದೆಯಾ?

ಮಂಡ್ಯದ ಮಗಳು: ಪಟ್ಟಿ ಕೊಟ್ಟಿದ್ದೆವು. ಒಡವೆ, ಟಿವಿ, ಮಿಕ್ಸಿ ಎಲ್ಲಾ ಇದೆ. ಕಾರು ಬರೆದಿಲ್ಲ.

ಬ್ರೋಕರ್: ಆ ಪಟ್ಟಿ, ಕಾರು ಕೊಂಡ ದಿನದ ಬಿಲ್, ಅಲ್ಲಿನ ರಿಜಿಸ್ಟ್ರೇಶನ್ ಮೂರನ್ನೂ ವಕೀಲರಿಗೆ ತೋರಿಸಿ. ಕಾರು ಲ್ಯಾಂಡಿಂಗ್‌ಗೆ ಮುಂಚಿನಿಂದ ನಿಮ್ಮದೇ ಅಂತ ತೋರಿಸಬಹುದಲ್ಲ, ಅದು ನಿಮ್ಮ ಪರವಾಗಿದೆ. ಇಲ್ಲಿ ಇನ್ನು ಬರೆಯಬೇಡಿ.

ಫಾರ್ವರ್ಡ್ ಬಂದದ್ದು: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ 🙏 "ಭಾನುವಾರ ರಾತ್ರಿ ಪೀಸ್ ಬ್ರಿಡ್ಜ್‌ನಲ್ಲಿ ದಾಟಿ, ಯಾರೂ ಕೇಳಲ್ಲ. ಬಿಲ್ಲಿನಲ್ಲಿ 1 ಡಾಲರ್, ಗಿಫ್ಟ್ ಅಂತ ಬರೆಸಿ, ಟ್ಯಾಕ್ಸ್ ಬೀಳಲ್ಲ. ವಿಸಿಟರ್ ಅಂತ ಹೇಳಿ ಬಂದು ಆರು ತಿಂಗಳು ಬಿಟ್ಟು ರಿಜಿಸ್ಟರ್ ಮಾಡಿಸಿ."

ಬ್ರೋಕರ್: ಮೇಲಿನ ಮೇಡಂ ಬರೆದದ್ದನ್ನು ಓದಿದ ಮೇಲೂ ಇದನ್ನು ಹಾಕಿದಿರಾ? ಭಾನುವಾರ ರಾತ್ರಿ ರಫ್ತು ಮುದ್ರೆ ಹಾಕಲು ಯಾರು ಕೂತಿರುತ್ತಾರೆ? ಮುದ್ರೆ ಇಲ್ಲದೆ ದಾಟಿದರೆ ಅಮೆರಿಕದವರು ದಂಡ ಹಾಕಬಹುದು. 1 ಡಾಲರ್ ಅಂತ ಬರೆದರೂ ಅಧಿಕಾರಿ ಮಾರುಕಟ್ಟೆ ಬೆಲೆಯನ್ನೇ ಹಿಡಿಯುತ್ತಾರೆ, ನಿಮ್ಮ ಸುಳ್ಳು ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಪಿಆರ್ ಕಾಗದ ಜೇಬಿನಲ್ಲಿಟ್ಟುಕೊಂಡು ವಿಸಿಟರ್ ಅಂತ ಹೇಳಿದರೆ ಹೋಗುವುದು ಕಾರು ಮಾತ್ರ ಅಲ್ಲ. ಅಡ್ಮಿನ್, ದಯವಿಟ್ಟು ತೆಗೆಯಿರಿ.

ಫಾರ್ವರ್ಡ್ ಬಂದದ್ದು: ನಾನು ಬರೆದಿದ್ದಲ್ಲ ಸಾರ್, ಬಂದಿದ್ದು ಹಾಕಿದೆ ಅಷ್ಟೇ.

ಕ್ಯಾಲ್ಗರಿ ಅಕ್ಕ: ಅದೇ ತಾನೇ ತೊಂದರೆ.

ಸಿಯಾಟಲ್ ದಂಪತಿ: ನಾವು ವರ್ಕ್ ಪರ್ಮಿಟ್ ಮೇಲೆ ವ್ಯಾಂಕೂವರ್‌ಗೆ ಬರ್ತಿದ್ದೀವಿ, ಪಿಆರ್ ಅಲ್ಲ. ನಮಗೂ ಆರ್‌ಐವಿ ಬೇಕಾ?

ಬ್ರೋಕರ್: ತಾತ್ಕಾಲಿಕವಾಗಿ ತರಲು ಬೇರೆ ದಾರಿ ಇದೆ. ಗಡಿಯಲ್ಲಿ ಪರ್ಮಿಟ್ ತೋರಿಸಿ, ಇ29ಬಿ ಫಾರಂ ಕೇಳಿ. ಆ ಗಾಡಿಯನ್ನು ಇಲ್ಲಿ ಮಾರುವ ಹಾಗಿಲ್ಲ, ಗಡುವು ಮುಗಿಯುವಾಗ ವಾಪಸ್ ಹೋಗಬೇಕು. ಪ್ಲೇಟ್ ಮತ್ತು ಇನ್ಶೂರೆನ್ಸ್ ಪ್ರಾಂತ್ಯದ ವಿಷಯ, ಬ್ರಿಟಿಷ್ ಕೊಲಂಬಿಯಾದಲ್ಲಿ ಐಸಿಬಿಸಿಯನ್ನು (ಅಲ್ಲಿನ ಸರ್ಕಾರಿ ಗಾಡಿ ವಿಮಾ ಸಂಸ್ಥೆ) ಕೇಳಿ.

ಎಡಿಸನ್ ಗೌಡ: ಸರ್, ಏಪ್ರಿಲ್ 2025ರಲ್ಲಿ ಕೆನಡಾ ಅಮೆರಿಕದ ಕಾರುಗಳ ಮೇಲೆ 25% ಹಾಕಿತಲ್ಲ, ಅದು ನಮ್ಮಂಥವರಿಗೂ ಬರುತ್ತಾ?

ನ್ಯೂಜೆರ್ಸಿ ಕುಟುಂಬ: ಲೀಸ್ ಕಾರನ್ನು ಗಂಡನ ಹೆಸರಿಗೆ ಮಾಡಿಸಿದ್ರೆ?

ಬ್ರೋಕರ್: ಲೀಸ್ ಲೀಸೇ.

ಹುಬ್ಬಳ್ಳಿ ಎಕ್ಸ್‌ಪ್ರೆಸ್: ನಾವು ವಾಪಸ್ ಬೆಂಗಳೂರಿಗೆ ಹೊಂಟೀವಿ. ನನ್ನ ಹೋಂಡಾ ಅಲ್ಲಿಗೆ ಒಯ್ಯಬಹುದೇನ್ರಿ?

ಬ್ರೋಕರ್: ಬಳಸಿದ ಕಾರು ಭಾರತಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ತಯಾರಾಗಿ ಮೂರು ವರ್ಷ ದಾಟಿರಬಾರದು, ಮುಂಬೈ ಬಂದರಿನಲ್ಲೇ ಇಳಿಯಬೇಕು, ತೆರಿಗೆಯೇ ಕಾರಿನ ಬೆಲೆಗಿಂತ ಜಾಸ್ತಿ. ನಿಮ್ಮ ಸ್ಟೀರಿಂಗ್ ಎಡಗಡೆ ಇದೆ. ಮಾರಿ.

ಹುಬ್ಬಳ್ಳಿ ಎಕ್ಸ್‌ಪ್ರೆಸ್: ಸ್ಟೀರಿಂಗ್ ಬದಲು ಮಾಡಿಸಿದ್ರ?

ಬ್ರೋಕರ್: ಮಾರಿ ಅಂದೆನಲ್ಲ.

ಶಿವಮೊಗ್ಗ ಟು ಟೊರೊಂಟೊ: ಅಣ್ಣ, ನನ್ನದು ಉಲ್ಟಾ ಕೇಸು. ಅಪ್ಪನ 1994ರ ಯಮಹಾ ಆರ್‌ಎಕ್ಸ್ 100 ತೀರ್ಥಹಳ್ಳಿಯಲ್ಲಿದೆ. ನಾನು 2023ರಲ್ಲಿ ಪಿಆರ್ ಆಗಿ ಬಂದೆ. ಬೈಕನ್ನು ಇಲ್ಲಿಗೆ ತರಿಸಬಹುದಾ? ಎಲ್ಲರೂ ನಗ್ತಿದ್ದಾರೆ.

ಬ್ರೋಕರ್: ನಗುವವರು ನಗಲಿ. ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಖುಷಿ ಕೊಟ್ಟದ್ದು ಇದೊಂದೇ.

ತರಬಹುದು. ಕೆನಡಾ ಮಾನದಂಡಕ್ಕೆ ತಯಾರಾಗದ ಗಾಡಿ ಅಮೆರಿಕ, ಮೆಕ್ಸಿಕೋ ಬಿಟ್ಟು ಬೇರೆ ದೇಶದಿಂದ ಬರಬೇಕಾದರೆ 15 ವರ್ಷ ಮೇಲಾಗಿರಬೇಕು. ಹೊಸ ಇನ್ನೋವಾ ತರಲು ಹೊರಟರೆ ಗಡಿಯಲ್ಲೇ ನಿಲ್ಲುತ್ತದೆ. 1994ರ ಆರ್‌ಎಕ್ಸ್‌ಗೆ ಆ ಅಡ್ಡಿ ಇಲ್ಲ, ಆರ್‌ಐವಿಯೂ ಇಲ್ಲ. ತಯಾರಾದ ತಿಂಗಳಿಗೆ ಪುರಾವೆ ಇಟ್ಟುಕೊಳ್ಳಿ.

ಆದರೆ ಸುಂಕದ ವಿನಾಯಿತಿ ನಿಮಗೆ ಸಿಗುವುದಿಲ್ಲ. ನೀವು ಬರುವಾಗ ಬೈಕು ಅಪ್ಪನ ಹೆಸರಿನಲ್ಲಿತ್ತು, ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಈಗ ನಿಮ್ಮ ಹೆಸರಿಗೆ ಮಾಡಿಸಿದರೂ ಹಿಂದಿನ ದಿನಾಂಕಕ್ಕೆ ಹೋಗಲ್ಲ. ಬೆಲೆಯ ಮೇಲೆ ಬರುವ ತೆರಿಗೆ ಕಟ್ಟಿ, ಅದಕ್ಕಿಂತ ಸಾಗಣೆಯ ಖರ್ಚೇ ಜಾಸ್ತಿ.

ಊರಿನಲ್ಲಿ ಮಾಡಬೇಕಾದ್ದು: ಆರ್‌ಸಿ ಚಾಲ್ತಿಯಲ್ಲಿದೆಯಾ ನೋಡಿ. 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕಿತ್ತು, ಹಳ್ಳಿಯಲ್ಲಿ ನಿಂತ ಬೈಕಿಗೆ ಯಾರೂ ಮಾಡಿಸಿರುವುದಿಲ್ಲ. ಅದು ಸರಿಯಾದ ಮೇಲೆ ಫಾರಂ 29, 30 ಕೊಟ್ಟು ಹೆಸರು ಬದಲಾಯಿಸಿ. ಪ್ಯಾಕ್ ಮಾಡುವಾಗ ಪೆಟ್ರೋಲ್ ಪೂರ್ತಿ ಇಳಿಸಿ, ಬ್ಯಾಟರಿ ಬಿಚ್ಚಿ. ಮರದ ಪೆಟ್ಟಿಗೆಗೆ ಐಎಸ್‌ಪಿಎಂ 15 ಮುದ್ರೆ (ಹುಳು ಬಾರದಂತೆ ಸಂಸ್ಕರಿಸಿದ ಮರ ಅನ್ನುವ ಗುರುತು) ಇರಲೇಬೇಕು. ಊರಿನ ಬಡಗಿ ಹಲಸಿನ ಹಲಗೆಯಲ್ಲಿ ಹೊಡೆದುಕೊಟ್ಟದ್ದು ನಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮಣ್ಣು. ಮಡ್‌ಗಾರ್ಡ್ ಒಳಗೆ, ಚೈನ್ ಕವರ್ ಒಳಗೆ, ಎಂಜಿನ್ ಕೆಳಗೆ ಮಲೆನಾಡಿನ ಕೆಂಪು ಮಣ್ಣು ಒಂದು ಚೂರೂ ಉಳಿಯಬಾರದು. ಬಳಸಿದ ಗಾಡಿಯಲ್ಲಿ ಮಣ್ಣು ಕಂಡರೆ ಆಹಾರ ತಪಾಸಣೆ ಇಲಾಖೆಯವರು ತಡೆಯುತ್ತಾರೆ. ವಾಪಸ್ ಕಳಿಸಿ ಅಂದರೆ ಖರ್ಚು ನಿಮ್ಮದೇ.

ಒಂಟಾರಿಯೋದಲ್ಲಿ ಸೇಫ್ಟಿ ಸರ್ಟಿಫಿಕೇಟ್ ಬೇಕು. ಇನ್ಶೂರೆನ್ಸ್ ಯಾರು ಕೊಡುತ್ತಾರೆ ಅಂತ ಬೈಕ್ ಹಡಗು ಹತ್ತುವ ಮುಂಚೆ ಬರಹದಲ್ಲಿ ಕೇಳಿ. ಅದು ಸಿಗದಿದ್ದರೆ ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡುವುದಷ್ಟೇ.

ಬ್ರಾಂಪ್ಟನ್ ಮಾವ: ಟೂ ಸ್ಟ್ರೋಕ್ ಹೊಗೆ ಬಿಟ್ಟುಕೊಂಡು 401 ಹೈವೇಯಲ್ಲಿ ಹೋಗ್ತೀಯೇನಪ್ಪ?

ಶಿವಮೊಗ್ಗ ಟು ಟೊರೊಂಟೊ: ನಿಮ್ಮನ್ನ ಹಿಂದೆ ಕೂರಿಸಿಕೊಂಡು ಹೋಗ್ತೀನಿ, ಬನ್ನಿ.

ಬ್ರಾಂಪ್ಟನ್ ಮಾವ: ದೊಡ್ಡವರ ಹತ್ರ ಹೀಗಾ ಮಾತಾಡೋದು?

ಕ್ಯಾಲ್ಗರಿ ಅಕ್ಕ: ಬೆಳಗ್ಗೆಯಿಂದ ಎಲ್ಲರ ಕಾಲೆಳೀತಿರೋದು ಯಾರು ಮಾವ?

ಅಡ್ಮಿನ್: ಇಬ್ಬರೂ ಸಾಕು. ಫಾರ್ವರ್ಡ್ ತೆಗೆದಿದ್ದೇನೆ.

ಎಡಿಸನ್ ಗೌಡ: 25% ಬಗ್ಗೆ ಕೇಳಿದ್ದೆ.

ಹೊಸ ಸದಸ್ಯ: ಸರ್, 72 ಗಂಟೆ ಅಂದ್ರೆ ಕೆನಡಾ ಕಸ್ಟಮ್ಸ್‌ಗಾ?

ಬ್ರೋಕರ್: ಅಮೆರಿಕದವರಿಗೆ. ಮೊದಲ ಉತ್ತರ ಓದಿ.

ಹೊಸ ಸದಸ್ಯ: ಓದಿದೆ, ಉದ್ದ ಇದೆ. ಲೀಸ್ ಕಾರಿಗೂ 72 ಗಂಟೆನಾ?

ಬ್ರೋಕರ್: 🙏

ಶಿವಮೊಗ್ಗ ಟು ಟೊರೊಂಟೊ: ಅಣ್ಣ, ಅಪ್ಪನಿಗೆ ಈಗಷ್ಟೇ ಫೋನ್ ಮಾಡಿದೆ. ಆರ್‌ಸಿ 2014ರಿಂದ ಲ್ಯಾಪ್ಸ್. ಚಾಸಿಸ್ ನಂಬರ್ ಮೇಲೆ ತುಕ್ಕು ಹಿಡಿದು ಎರಡು ಅಂಕೆ ಕಾಣ್ತಿಲ್ಲವಂತೆ.

ಬ್ರೋಕರ್: ಹಾಗಾದರೆ ಈಗಲೇ ಶಿಪ್ಪಿಂಗ್‌ನವರಿಗೆ ಒಂದು ರೂಪಾಯಿ ಕೊಡಬೇಡಿ. ತುಕ್ಕನ್ನು ಎಣ್ಣೆ ಹಾಕಿ ಮೆಲ್ಲಗೆ ಒರೆಸಲಿ, ಗ್ರೈಂಡರ್ ಮುಟ್ಟಿಸಬಾರದು. ಉಜ್ಜಿದ ಗುರುತು ಕಂಡರೆ ನಂಬರ್ ತಿದ್ದಿದ್ದಾರೆ ಅಂತಲೇ ಅನುಮಾನ ಬರುತ್ತದೆ. ಆಮೇಲೂ ಓದಲು ಬರದಿದ್ದರೆ ಶಿವಮೊಗ್ಗ ಆರ್‌ಟಿಒಗೆ ಬೈಕ್ ತೋರಿಸಿ, ದಾಖಲೆಯಲ್ಲಿರುವ ನಂಬರ್ ಜೊತೆ ತಾಳೆ ನೋಡಿಸಿ ಬರಹದಲ್ಲಿ ತೆಗೆದುಕೊಳ್ಳಲಿ. ನವೀಕರಣಕ್ಕೂ ಅದೇ ತಪಾಸಣೆ ಬೇಕು, ಒಂದೇ ಸಲ ಮುಗಿಯುತ್ತದೆ. ನಂಬರಿನ ಫೋಟೋ ಬಂದ ಮೇಲೆ ನನಗೆ ಕಳಿಸಿ. ಫೋನ್ ಮಾಡಿದರೂ ಪರವಾಗಿಲ್ಲ.